ಬೂಟಿನಡಿಯ ಬೆಟ್ಟ

ದುಬೈಯ ಸತ್ವಾದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ದರ್ಜಿ ಅಂಗಡಿಗಳ ಸಾಲು ಮುಗಿಯುವ ಕಡೆ, ಇಸ್ತ್ರಿ ಅಂಗಡಿಗೆ ಬೆನ್ನು ತಾಗಿಸಿಕೊಂಡು ಒಂದು ಬೂಟು ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ದೊಡ್ಡ ಮಾತಾಯಿತು. ಒಳಗೆ ಕೂತವನು ಎರಡು ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತಿದ್ದವು. ಹಾಗೆ ಕೂತಿರುತ್ತಿದ್ದವನು ಅಥಣಿಯ ಶೇಖಪ್ಪ. ವಯಸ್ಸು ಐವತ್ಮೂರು, ಮೀಸೆ ಮಾತ್ರ ಮೂವತ್ತರದ್ದು, ಪ್ರತಿ ಭಾನುವಾರ ಹೆಂಡತಿಯ ಕೈಯಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ. ಹೆಂಡತಿ ತಾರಾಬಾಯಿ ಒಂದು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸಕ್ಕಿದ್ದಳು. ಅದೇ ಸತ್ವಾದ ಹಳೆಯ ವಿಲ್ಲಾ ಒಂದರಲ್ಲಿ, ಐದು ಸಂಸಾರಗಳ ನಡುವೆ, ಇವರದೊಂದು ಕೋಣೆ.

ಶೇಖಪ್ಪನದು ತಲೆತಲಾಂತರದಿಂದ ಚಪ್ಪಲಿ ಹೊಲಿಯುವ ಮನೆ. ಮೊಳೆ ಇಲ್ಲ, ಗೋಂದು ಇಲ್ಲ, ಚರ್ಮಕ್ಕೆ ಚರ್ಮವೇ ದಾರ. ಅಂಥ ಮನೆಯವನಿಗೆ ದುಬೈ ಕೊಟ್ಟದ್ದು ಜಿಪ್ಪು ಕಿತ್ತ ಸೂಟ್‌ಕೇಸು, ಹಿಮ್ಮಡಿ ಸವೆದ ಸ್ಯಾಂಡಲ್ಲು, ನಕಲಿ ಕೀಲಿಕೈ. ಬಂದದ್ದಕ್ಕೆ ಬೇಸರವಿಲ್ಲ, ಆದರೆ ಕೈಗೆ ಬೇಕಾದ ಕೆಲಸ ಸಿಗಲಿಲ್ಲವಲ್ಲ ಎಂಬ ಸಣ್ಣ ತಕರಾರೊಂದು ಒಳಗೆ ಇದ್ದೇ ಇತ್ತು. ಆ ತಕರಾರು ತೀರಿದ್ದು ಬೆಟ್ಟ ಹತ್ತುವವರಿಂದ.

ಆರು ವರ್ಷದ ಹಿಂದೆ, ಒಂದು ನವೆಂಬರಿನಲ್ಲಿ, ವ್ಯಾಲೆಂಟೈನ್ ಎಂಬ ಮನುಷ್ಯ ಒಂದು ಜೊತೆ ದಪ್ಪ ಬೂಟು ತಂದು ಕಟ್ಟೆಯ ಮೇಲಿಟ್ಟ. ಶಿರ್ವದ ಕಡೆಯವನು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಶುಕ್ರವಾರ ಶುಕ್ರವಾರ ಓಮಾನ್ ಗಡಿಯ ಹತ್ತಾ ಎಂಬ ಊರಿನ ಕಡೆಯ ಬೆಟ್ಟಗಳಿಗೆ ಹೋಗುವ ಹುಚ್ಚು. ಬೂಟಿನ ಅಡಿ ಮೊಸಳೆಯ ಹಾಗೆ ಬಾಯಿ ಬಿಟ್ಟಿತ್ತು.

"ಹೊಸ ಬೂಟು ಮಾರಾಯ್ರೆ. ಹೋದ ವರ್ಷ ನಾಲ್ಕು ಸಲ ಹಾಕಿದ್ದು ಅಷ್ಟೆ. ಬೇಸಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದೆ. ಇವತ್ತು ಹಾಕಿ ಹತ್ತು ಹೆಜ್ಜೆ ಇಟ್ಟದ್ದು, ಎದ್ದೇ ಬಂತು!"

ಶೇಖಪ್ಪ ಬೂಟನ್ನು ತಿರುಗಿಸಿ ಉಗುರಿನಿಂದ ಕೆರೆದ. ಗೋಂದು ಹಿಟ್ಟಾಗಿ ಉದುರಿತು. "ಸರ, ಜೂನದಾಗ ನಿಮ್ಮ ಡಿಕ್ಕಿಯೊಳಗ ರೊಟ್ಟಿ ಇಟ್ರ ರೊಟ್ಟಿ ಬೇಯತೈತಿ. ಗೋಂದಿಂದೇನ್ ಹೇಳ್ತೀರಿ?"

ಅವನು ಗೋಂದು ಹಚ್ಚಲಿಲ್ಲ. ಮೇಣ ತಿಕ್ಕಿದ ದಾರ ತೆಗೆದು, ತುದಿಗೆ ಕೊಕ್ಕೆಯಿರುವ ಆರಿಯಿಂದ ಅಡಿಯ ಸುತ್ತಲೂ ತೂತು ಹೊಡೆದು, ಒಂದೊಂದೇ ಹೊಲಿಗೆ ಎಳೆದು ಕೊಟ್ಟ. ಆ ಬೂಟು ನಾಲ್ಕು ಚಳಿಗಾಲ ಬಾಳಿತು. ಸುದ್ದಿ ಹಬ್ಬಿತು. ಕೊಲ್ಲಿಯ ಬೇಸಗೆ ಮುಗಿದು, ಬಾಲ್ಕನಿಯಲ್ಲೋ ಡಿಕ್ಕಿಯಲ್ಲೋ ಬೆಂದ ಬೂಟುಗಳು ಬಾಯಿಬಿಡುವ ಕಾಲ ಬಂತೆಂದರೆ ಶೇಖಪ್ಪನ ಅಂಗಡಿಯ ಮುಂದೆ ಸಾಲು ಹತ್ತುತ್ತಿತ್ತು.

ಹೊಲಿಯುವ ಮೊದಲು ಅಡಿಯನ್ನು ಚೊಕ್ಕಟ ಮಾಡಬೇಕಲ್ಲ. ಚರ್ಮ ಕೊಯ್ಯುವ ರಂಪಿಯ ತುದಿಯಿಂದ ರಬ್ಬರಿನ ಗೀರುಗಳಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಕೀಳುತ್ತಿದ್ದ. ಮೊದಮೊದಲು ಕಸಕ್ಕೆ ಹೋದವು. ಒಂದು ದಿನ ಹಸಿರು ಕಲ್ಲೊಂದು ಬಿತ್ತು, ಹಾವಿನ ಮೈಯ ಹಾಗೆ ಮಿರಿಮಿರಿ. ಅದನ್ನು ಎಸೆಯಲು ಮನಸ್ಸಾಗಲಿಲ್ಲ. ಕಾಫಿಪುಡಿಯ ಖಾಲಿ ಬಾಟಲಿಗೆ ಹಾಕಿದ. ಅದರ ಹಿಂದೆ ಕಂದು ಕಲ್ಲು, ಬಿಳಿ ಗೆರೆಯ ಕರಿಕಲ್ಲು, ತುಕ್ಕು ಬಣ್ಣದ್ದು. ಆರು ವರ್ಷದಲ್ಲಿ ಬಾಟಲಿ ಮುಕ್ಕಾಲು ತುಂಬಿತು. ಅದಕ್ಕೊಂದು ನಿಯಮವನ್ನೂ ಮಾಡಿಕೊಂಡಿದ್ದ. ಬೂಟಿಗೆ ತಾನಾಗಿ ಹತ್ತಿ ಬಂದ ಕಲ್ಲು ಮಾತ್ರ ಬಾಟಲಿಗೆ. ಯಾರಾದರೂ ಪ್ರೀತಿಯಿಂದ ಎತ್ತಿ ತಂದುಕೊಟ್ಟರೆ ವಾಪಸ್ಸು.

ಬರುಬರುತ್ತಾ ಅವನಿಗೆ ಬೆಟ್ಟವನ್ನು ಅಡಿಯಿಂದಲೇ ಓದುವುದು ಅಭ್ಯಾಸವಾಯಿತು. ಒಮ್ಮೆ ವ್ಯಾಲೆಂಟೈನನ ಬೂಟು ಹಿಡಿದು ಕೇಳಿಯೇ ಬಿಟ್ಟ: "ಸರ, ಒಂದ್ ಕಡೆ ನೀವು ಗೋಡಿಗೆ ಎದಿ ಹಚ್ಚಿ, ಎಡಕ್ಕ ಎಡಕ್ಕ ಸರದೀರಿ. ಹೌದಲ್ರಿ? ಇಲ್ನೋಡ್ರಿ, ತುದಿಯಷ್ಟ ಸವದೈತಿ, ಅದೂ ಅಡ್ಡಡ್ಡ."

ವ್ಯಾಲೆಂಟೈನ್ ಬೂಟನ್ನೊಮ್ಮೆ ಇವನನ್ನೊಮ್ಮೆ ನೋಡಿದ. "ಎಂತ, ನೀವು ಹಿಂದಿನಿಂದ ಬಂದಿದ್ರಾ?"

"ನನ್ನ ಯಾರ ಕರದಾರ್ರಿ?" ಎಂದ ಶೇಖಪ್ಪ. ಅದು ತಮಾಷೆಯಾಗಿರಲಿಲ್ಲ, ಆದರೆ ವ್ಯಾಲೆಂಟೈನ್ ನಕ್ಕುಬಿಟ್ಟ. ಮರುವರ್ಷ ಇನ್ನೊಮ್ಮೆ ಕೇಳಿದಾಗಲೂ, "ನೀವು ಬಿದ್ದು ಕೈ ಮುರ್ಕೊಂಡ್ರೆ ನಮ್ಮ ಬೂಟು ಹೊಲಿಯುವುದು ಯಾರು?" ಎಂದು ನಗುತ್ತಲೇ ಹೋದ. ಶೇಖಪ್ಪನೂ ನಕ್ಕ. ರಾತ್ರಿ ಊಟಕ್ಕೆ ಕೂತಾಗ ಎರಡು ರೊಟ್ಟಿ ಕಡಿಮೆ ತಿಂದ.

2015ರ ನವೆಂಬರಿನಲ್ಲಿ ಮುದೀರನ ಫೋನು ಬಂತು. ಮುದೀರ್ ಅಂದರೆ ಅಂಗಡಿಯ ಮಾಲೀಕ. ಸತ್ವಾದ ಆ ಕಟ್ಟಡ ಕೆಡವುತ್ತಾರಂತೆ, ಡಿಸೆಂಬರ್ ಒಂದರಿಂದ ಅಬುಧಾಬಿಯ ಮಾಲ್ ಒಂದರಲ್ಲಿ ಹೊಸ ಕೌಂಟರ್, ಶೇಖಪ್ಪ ಅಲ್ಲಿಗೆ. ತಾರಾಬಾಯಿಗೂ ಅಲ್ಲಿ ಕೆಲಸ ನೋಡುತ್ತಾರಂತೆ. ಎಲ್ಲ ಒಳ್ಳೆಯದೇ. ಆದರೆ ಸತ್ವಾದಲ್ಲಿ ಶುಕ್ರವಾರ ಸಂಜೆ ನಾಲ್ಕಕ್ಕೆ ಬಾಗಿಲು ತೆಗೆದರೆ ಸಾಕಿತ್ತು, ಮಾಲಿನಲ್ಲಿ ಶುಕ್ರವಾರವೇ ಜಾತ್ರೆ, ಬೆಳಿಗ್ಗೆಯಿಂದ ನಿಂತಿರಬೇಕು. ಶೇಖಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. ತನ್ನ ಪಾಲಿಗೆ ಉಳಿದದ್ದು ಒಂದೇ ಒಂದು ಶುಕ್ರವಾರ, ಇಪ್ಪತ್ತೇಳನೇ ತಾರೀಕು. ಆವತ್ತು ಬೆಟ್ಟದ ತುದಿ ಮೆಟ್ಟದಿದ್ದರೆ ಇನ್ನು ಮೆಟ್ಟಿದ ಹಾಗೆಯೇ.

ಆ ಸಲ ವ್ಯಾಲೆಂಟೈನ್ ಬೂಟು ಒಯ್ಯಲು ಬಂದಾಗ ಶೇಖಪ್ಪ ಬೂಟು ಕೊಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೂತ.

"ಸರ, ಮೂರನೇ ಸಲ ಕೇಳಾಕತ್ತೇನಿ. ನಗಬ್ಯಾಡ್ರಿ. ನಿಮ್ಮ ಮಂದೀದು ಹನ್ನೊಂದು ಜೋಡು ಬೂಟು ಆ ಗುಡ್ಡಕ್ಕ ಕಳಿಸೀನಿ. ಒಂದು ಸಲ ನನ್ನ ಕಳಸ್ರಿ."

ವ್ಯಾಲೆಂಟೈನ್ ಈ ಸಲ ನಗಲಿಲ್ಲ. ಲ್ಯಾಬಿನಲ್ಲಿ ರಿಪೋರ್ಟು ಓದುವ ದನಿಯಲ್ಲಿ ನಿಯಮ ಹೇಳಿದ. ಚಪ್ಪಲಿ ನಡೆಯುವುದಿಲ್ಲ, ಬೂಟೇ ಬೇಕು. ದಾರಿಯಲ್ಲಿ ಬೂಟು ಕೈಕೊಟ್ಟವರು ಅಲ್ಲೇ ಕೂರಬೇಕು, ಅವರ ಜೊತೆ ಇನ್ನೊಬ್ಬರು ಕೂರಬೇಕು. ಹೋದ ವರ್ಷ ಗುಂಪಿನವನೇ ಆದ ಕಜೆತಾನ್ ಕಿತ್ತ ಬೂಟಿನಲ್ಲೇ ಇಳಿಯಲು ಹೋಗಿ ಮಣಿಕಟ್ಟು ಮುರಿದುಕೊಂಡಿದ್ದ. "ಮತ್ತೆ ಹತ್ತೂವರೆ ಅಂದ್ರೆ ಹತ್ತೂವರೆ. ಅಷ್ಟರೊಳಗೆ ತುದಿಗೆ ಮುಟ್ಟದವರಿಗೆ ಖಲಾಸ್, ವಾಪಸ್ ತಿರುಗುವುದು. ಒಪ್ಪಿಗೆಯಾ?"

"ಹತ್ತೂವರಿ ಯಾಕ್ರಿ, ಒಂಬತ್ತಕ್ಕ ಮ್ಯಾಲ ಇರ್ತೀನಿ," ಎಂದ ಶೇಖಪ್ಪ. ಜಂಬದ ಮಾತು. ಸಂತೋಷಕ್ಕೆ ಬಾಯಿಂದ ಹಾರಿತ್ತು.

ಬೂಟಿಗೇನು ಬರ? ಅಂಗಡಿಯ ಮೇಲಿನ ಹಲಗೆಯಲ್ಲಿ ಎರಡು ವರ್ಷದಿಂದ ಯಾರೂ ಒಯ್ಯದ ಜೊತೆಯೊಂದಿತ್ತು. ಥಾಮಸ್ ಎಂಬವನ ಹೆಸರಿನ ಚೀಟಿ, 2013ರ ಜೂನ್. ಲೇಸಿನ ಕೊಂಡಿ ಹಾಕಿಸಲು ಕೊಟ್ಟವನು ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋದನೆಂದು ಆಮೇಲೆ ಗೊತ್ತಾಯಿತು. ಆರು ತಿಂಗಳು ಕಳೆದರೆ ಅಂಗಡಿಗೇ ಸೇರುತ್ತದೆಂದು ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿತ್ತು. ಶೇಖಪ್ಪ ಇಳಿಸಿ ಕಾಲಿಗೆ ಹಾಕಿದ. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು! ಅಡಿ ಹೊಚ್ಚ ಹೊಸದು, ಒಂದು ಗೀರಿಲ್ಲ.

ಆ ವಾರವೆಲ್ಲ ಬೆಟ್ಟಕ್ಕೆ ಹೋಗುವವರ ಬೂಟುಗಳನ್ನು ಎರಡೆರಡು ಸಲ ಕರೆಸಿ ಎಳೆದು ನೋಡಿದ. ಸಡಿಲ ಕಂಡಲ್ಲಿ ಮತ್ತೊಂದು ಸುತ್ತು ಹೊಲಿದ. ತಾರಾಬಾಯಿ ಸಂಜೆ ಚಹಾದ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ಎಲ್ಲಾರ ಬೂಟಿಗೂ ಹೊಲಿಗಿ ಹಾಕಾಕತ್ತೀರಿ. ನಿಮ್ಮದಕ್ಕ?"

"ಇದಕ್ಯಾಕ ಹೊಲಿಗಿ? ಕಂಪನಿ ಮಾಲ ಇದು. ಗೀರ ಬಿದ್ದಿಲ್ಲ ನೋಡು," ಎಂದು ಶೇಖಪ್ಪ ಬೂಟಿನ ಮೇಲ್ಭಾಗಕ್ಕೆ ಪಾಲಿಶ್ ಹಚ್ಚಿದ. ಹೊಸದಾಗಿ ಕಾಣುವ ಬೂಟಿಗೆ ಆರಿ ಹೊಡೆಯಲು ಅವನಿಗೆ ಮನಸ್ಸೇ ಬರಲಿಲ್ಲ. ಆ ಹಲಗೆ ಇಸ್ತ್ರಿ ಅಂಗಡಿಯ ಗೋಡೆಗೆ ತಾಗಿತ್ತು, ಎರಡು ವರ್ಷ ಅದರ ಹಬೆ ಕುಡಿದಿತ್ತು ಎಂಬುದು ಅಷ್ಟು ತಿಳಿದವನ ತಲೆಗೆ ಹೊಳೆಯಲೇ ಇಲ್ಲ.

ಶುಕ್ರವಾರ ನಸುಕಿಗೇ ಸತ್ವಾದಿಂದ ಮೂರು ಕಾರು ಹೊರಟವು. ಶೇಖಪ್ಪ ಆ ಬೆಳಿಗ್ಗೆ ತೊಟ್ಟದ್ದು ಮಗಳ ಮದುವೆಗೆ ಹೊಲಿಸಿದ ಪ್ಯಾಂಟು. ಸೊಂಟಕ್ಕೆ ತಾನೇ ಎಮ್ಮೆಯ ಚರ್ಮದಿಂದ ಮಾಡಿಕೊಂಡ, ಹತ್ತು ವರ್ಷದಿಂದ ಬಿಡದ ಬೆಲ್ಟು. ಬೆನ್ನಿಗೆ ಚೀಲ, ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ನೀರು. ಅದರ ಜೊತೆ ಆರಿ, ರಂಪಿ, ಒಂದು ಉಂಡೆ ಮೇಣದ ದಾರ. ಕೆಲಸಗಾರನಿಗೆ ಅವಿಲ್ಲದೆ ಮನೆ ಬಿಟ್ಟರೆ ಅಂಗಿ ಮರೆತು ಬಂದ ಹಾಗೆ. ಪಕ್ಕದಲ್ಲಿ ಕೂತಿದ್ದವಳು ವೆಲಿಟಾ, ಇಪ್ಪತ್ತಾರರ ನರ್ಸ್ ಹುಡುಗಿ, ವ್ಯಾಲೆಂಟೈನನ ಆಸ್ಪತ್ರೆಯವಳೇ. ಅವಳಿಗೂ ಇದು ಮೊದಲ ಬೆಟ್ಟ.

"ಹೆದರಿಕೆ ಆಗ್ತದಾ ಶೇಖಪ್ಪಣ್ಣ?"

"ಹೆದರಿಕಿ ಎಲ್ಲಿಂದ ತಂಗಿ! ನಿನ್ನಿ ರಾತ್ರಿ ನಿದ್ದಿನ ಬಂದಿಲ್ಲ. ಸಣ್ಣವ ಇದ್ದಾಗ ಬಸ್ಸ ಹತ್ತಿ ಬೆಳಗಾವಿಗೆ ಹೋಗೂ ಮುಂಜಾನಿ ಹಿಂಗ ಆಗ್ತಿತ್ತ ನೋಡು."

ಮರಳು ಮುಗಿದು ನೆಲ ಎದ್ದಿತು. ಮೊದಲು ಮೊಣಕಾಲೆತ್ತರ, ಆಮೇಲೆ ಮನೆಯೆತ್ತರ, ಆಮೇಲೆ ಕಾರಿನ ಕಿಟಕಿಯಲ್ಲಿ ಹಿಡಿಸಲಿಲ್ಲ. ಹತ್ತಾ ದಾಟಿ ಒಂದು ಒಣ ಹಳ್ಳದ ಬಾಯಲ್ಲಿ ಇಳಿದಾಗ ಸೂರ್ಯ ಆಗತಾನೆ ಬಂದಿದ್ದ. ಎದುರಿಗೆ ಕಂದು ಕಪ್ಪಿನ ಒರಟು ಬೆಟ್ಟ. ಒಂದು ಮರವಿಲ್ಲ, ಹುಲ್ಲುಕಡ್ಡಿಯಿಲ್ಲ, ತಲೆಯೆತ್ತಿದಷ್ಟೂ ಕಲ್ಲು. ಅದಕ್ಕೆ ಅರಬಿಯಲ್ಲಿ ಹೆಸರಿದೆ, ಇವರ ಯಾರ ನಾಲಿಗೆಗೂ ಸರಿಯಾಗಿ ಬರುವುದಿಲ್ಲ. ತುದಿಯಲ್ಲಿ ಕೂತು ಉಪ್ಪು ಹಾಕಿದ ಲಬನ್ ಕುಡಿಯುವುದು ಗುಂಪಿನ ರೂಢಿಯಾದ್ದರಿಂದ ಇವರ ಮಟ್ಟಿಗೆ ಅದು ಮಜ್ಜಿಗೆ ಗುಡ್ಡ.

"ಯಲ್ಲಾ, ಹೊರಡುವ!" ಎಂದ ವ್ಯಾಲೆಂಟೈನ್.

ಹಳ್ಳದ ಗುಂಡುಕಲ್ಲುಗಳ ಮೇಲೆ ಅರ್ಧ ಗಂಟೆ ನಡೆದರು. ಹಳ್ಳ ತಿರುಗುವ ಕಡೆ ಶೇಖಪ್ಪ ಗಕ್ಕನೆ ನಿಂತ. ನೆಲದ ತುಂಬ ಹಸಿರು ಕಲ್ಲು, ಹಾವಿನ ಮೈಯ ಹೊಳಪು, ಬುಟ್ಟಿಗಟ್ಟಲೆ. "ಅಯ್ಯ ಶಿವನ! ಇದು ನನ್ನ ಬಾಟಲಿಯಾಗ ಐತಿ!" ಎಂದು ಕೂಗಿಯೇ ಬಿಟ್ಟ. ಮುಂದೆ ತುಕ್ಕು ಬಣ್ಣದ ಕಲ್ಲು ಬಂತು, ಅದೂ ಇತ್ತು. ಬಿಳಿ ಗೆರೆಯದ್ದು ಬಂತು, ಅದೂ ಇತ್ತು. ಆರು ವರ್ಷ ಹೆಸರಿನಿಂದ ಮಾತ್ರ ಬಲ್ಲ ನೆಂಟರ ಮನೆಗೆ ಕೊನೆಗೂ ಬಂದವನ ಹಾಗೆ ಎಲ್ಲವನ್ನೂ ಮಾತಾಡಿಸುತ್ತಾ ನಡೆದ. ಉಳಿದವರಿಗೆ ನಗು ತಡೆಯಲಾಗಲಿಲ್ಲ.

ಹಳ್ಳ ಬಿಟ್ಟು ಏರು ಹಿಡಿದರು. ಕಾಲಿಟ್ಟರೆ ಜಾರುವ ಪುಡಿಗಲ್ಲು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಆ ಏರಿನ ತಲೆ ಮುಟ್ಟುವಷ್ಟರಲ್ಲಿ ವೆಲಿಟಾಳ ಬಲ ಬೂಟು ಪಟಕ್ಕೆಂದು ಬಾಯಿಬಿಟ್ಟಿತು. ಊರಿಗೆ ಹೋದ ನರ್ಸೊಬ್ಬಳಿಂದ ಹಳೆಯದನ್ನು ಕೊಂಡವಳು ಶೇಖಪ್ಪನಿಗೆ ತೋರಿಸಿರಲೇ ಇಲ್ಲ. ಹುಡುಗಿಯ ಮುಖ ಅಳುವ ಹಾಗಾಯಿತು.

"ಕೂಡು ತಂಗಿ, ಬೂಟ ಬಿಚ್ಚು," ಎಂದ ಶೇಖಪ್ಪ. ಬಂಡೆಯ ಮೇಲೆ ಕೂತು ಬೂಟನ್ನು ಮಂಡಿಯ ನಡುವೆ ಒತ್ತಿ ಹಿಡಿದ. ಆರಿ ಒಳಗೆ ಹೋಗುವುದು, ದಾರ ಕೊಕ್ಕೆಗೆ ಬೀಳುವುದು, ಹೊರಗೆ ಬರುವುದು, ಎರಡೂ ಕೈ ಚಾಚಿ ಬಿಗಿಯುವುದು. ಹದಿನೈದು ನಿಮಿಷದಲ್ಲಿ ಎರಡೂ ಬೂಟಿಗೆ ಸುತ್ತು ಮುಗಿದಿತ್ತು. ದಾರದ ಉಂಡೆಯೂ ಮುಗಿದಿತ್ತು, ಉಳಿದದ್ದು ಗೇಣುದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಶೇಖಪ್ಪನಿಗೆ ಕಿವಿ ಬಿಸಿಯಾಯಿತು. ತನ್ನ ಕೆಲಸಕ್ಕೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅವನ ಬದುಕಿನಲ್ಲಿ ಅದೇ ಮೊದಲು.

ಅಲ್ಲಿಂದ ಮುಂದೆ ಕಾಲಿನ ಕೆಲಸ ಮುಗಿದು ಕೈಕಾಲಿನ ಕೆಲಸ ಶುರು. ಬೆಟ್ಟ ನೆಟ್ಟಗಾಯಿತು. "ಮೂರು ಗಟ್ಟಿ, ಒಂದು ಹುಡುಕಾಟ!" ಎಂದು ವ್ಯಾಲೆಂಟೈನ್ ಮೇಲಿನಿಂದ ಕೂಗುತ್ತಿದ್ದ. ಎರಡು ಕೈ ಎರಡು ಕಾಲಿನಲ್ಲಿ ಮೂರು ಸದಾ ಗಟ್ಟಿಯಾಗಿ ಊರಿರಬೇಕು, ಒಂದು ಮಾತ್ರ ಮುಂದಿನ ಜಾಗ ಹುಡುಕಬೇಕು. ಮೂವತ್ತೈದು ವರ್ಷ ದಾರ ಎಳೆದ ಬೆರಳುಗಳು ಶೇಖಪ್ಪನವು. ಕಲ್ಲಿನ ಸಣ್ಣ ಬಿರುಕಿಗೂ ಕೊಕ್ಕೆಯ ಹಾಗೆ ಸಿಕ್ಕಿಕೊಂಡವು. ಎದೆ ಡವಡವ ಹೊಡೆಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು, ಮೀಸೆಯ ಬಣ್ಣವೂ ಸ್ವಲ್ಪ ಇಳಿಯಿತು. ಇಷ್ಟು ಖುಷಿ ಯಾವಾಗ ಆಗಿತ್ತೆಂದು ನೆನಪಿಸಿಕೊಳ್ಳಲು ಪುರುಸೊತ್ತೂ ಇರಲಿಲ್ಲ.

ಆಮೇಲೆ ಆ ಜಾಗ ಬಂತು. ಗೋಡೆಯಂಥ ಬಂಡೆ, ಅದರ ನಡುಮೈಯಲ್ಲಿ ಅಂಗೈ ಅಗಲದ ಅಂಚು, ಕೆಳಗೆ ಎರಡಾಳು ಆಳ. ಎದೆ ಹಚ್ಚಿ ಎಡಕ್ಕೆ ಎಡಕ್ಕೆ ಸರಿಯಬೇಕು.

"ನಾ ಹೇಳಿದ್ನೆಲ್ರಿ ಸರ!"

"ಹೇಳಿದ್ದಿರಿ ಮಾರಾಯ್ರೆ, ಹೇಳಿದ್ದಿರಿ. ಈಗ ಬಾಯಿ ಮುಚ್ಚಿ ಬನ್ನಿ!"

ಬೂಟಿನ ತುದಿಯಲ್ಲಿ ನಿಂತು, ಕೆನ್ನೆಯನ್ನು ಬಿಸಿಗಲ್ಲಿಗೆ ಒತ್ತಿ, ಹದಿನಾಲ್ಕು ಹೆಜ್ಜೆ ಸರಿದ. ಹದಿನೈದನೆಯದಕ್ಕೆ ಗಟ್ಟಿ ನೆಲ ಸಿಕ್ಕಿತು. ಶಿಳ್ಳೆ ಹಾಕಿದ. ಮತ್ತೊಂದು ಹೆಜ್ಜೆ ಇಟ್ಟ, ಕಾಲು ವಿಚಿತ್ರವಾಗಿ ಹಗುರಾಯಿತು. ತಿರುಗಿ ನೋಡಿದರೆ ಅವನ ಎಡ ಬೂಟಿನ ಅಡಿ, ಒಂದು ಗೀರೂ ಇಲ್ಲದ ಆ ಹೊಚ್ಚ ಹೊಸ ಅಡಿ, ಎರಡು ಮಾರು ಹಿಂದೆ ಅಂಗಾತ ಬಿದ್ದಿತ್ತು.

ಮೊದಲು ನಕ್ಕವಳು ವೆಲಿಟಾ, ಆಮೇಲೆ ಎಲ್ಲರೂ. ಹನ್ನೊಂದು ಜನರ ಬೂಟು ಹೊಲಿದವನ ಬೂಟೇ ಹೋಯಿತೆಂದರೆ ಯಾರು ತಾನೆ ನಗುವುದಿಲ್ಲ? ಶೇಖಪ್ಪ ಮಾತ್ರ ನಗಲಿಲ್ಲ. ಅಡಿಯನ್ನು ಎತ್ತಿಕೊಂಡು ಉಗುರಿನಿಂದ ಕೆರೆದ. ಗೋಂದು ಹಿಟ್ಟಾಗಿ ಉದುರಿತು. ಬಲ ಬೂಟನ್ನು ಬಗ್ಗಿಸಿ ನೋಡಿದ, ಅದೂ ತುದಿಯಲ್ಲಿ ಎದ್ದಿತ್ತು. ಇನ್ನು ನೂರು ಹೆಜ್ಜೆಯ ಮಾತು. ಇಸ್ತ್ರಿ ಅಂಗಡಿಯ ಗೋಡೆ ಈಗ ನೆನಪಾಯಿತು. ತಾರಾಬಾಯಿಯ ಪ್ರಶ್ನೆಯೂ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ನಗು ನಿಂತಿತು. ಮೇಲೆ ತುದಿ ಕಾಣುತ್ತಿತ್ತು, ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಒಂಬತ್ತೂವರೆಯಾಗಿತ್ತು.

"ನೀವೆಲ್ಲ ಹೋಗಿ," ಎಂದ ವ್ಯಾಲೆಂಟೈನ್ ಗುಂಪಿಗೆ. "ದಾರಿ ಗೊತ್ತುಂಟಲ್ಲ. ಇವರ ಹತ್ತಿರ ನಾನು ಕೂತ್ಕೊಳ್ತೇನೆ. ನಿಯಮ ಅಂದ್ರೆ ನಿಯಮ."

"ಬರಿಗಾಲಲೇ ಬರ್ತೀನ್ರಿ ಸರ."

"ಆಗುವುದಿಲ್ಲ. ಕಲ್ಲು ನೋಡಿ, ಬ್ಲೇಡಿನ ಹಾಗೆ ಉಂಟು. ಇಳಿಯುವುದು ಹೇಗೆ ಆಮೇಲೆ?"

ಶೇಖಪ್ಪ ಚೀಲ ಬಿಚ್ಚಿದ. ಆರಿ ಇದೆ, ರಂಪಿ ಇದೆ, ದಾರ ಗೇಣುದ್ದ. ಗೇಣುದ್ದ ದಾರದಲ್ಲಿ ಗುಂಡಿ ಹೊಲಿಯಬಹುದು, ಬೂಟಲ್ಲ. ಮುಂದಿನ ಶುಕ್ರವಾರ ಎಂಬುದು ತನಗಿಲ್ಲ. ಇದೇ ಬಂಡೆಯ ಮೇಲೆ ಕೂತು, ಉಳಿದವರು ಮಜ್ಜಿಗೆ ಕುಡಿದು ಇಳಿಯುವುದನ್ನು ಕಾದು, ಅವರ ಹಿಂದೆ ಕುಂಟಿಕೊಂಡು ಹೋಗಿ ಅಬುಧಾಬಿಯ ಬಸ್ಸು ಹತ್ತುವುದು. ನೀರು ಕುಡಿಯಲು ಬಾಗಿದಾಗ ಹೊಟ್ಟೆಗೆ ಬೆಲ್ಟಿನ ಬಿಲ್ಲೆ ಒತ್ತಿತು.

ಅವನು ನೀರಿನ ಬಾಟಲಿ ಕೆಳಗಿಟ್ಟ. ಬೆಲ್ಟಿನ ಮೇಲೆ ಕೈಯಾಡಿಸಿದ. ಎಮ್ಮೆಯ ಚರ್ಮ, ತಾನೇ ಹದ ನೋಡಿ ಕೊಯ್ದದ್ದು, ಹತ್ತು ವರ್ಷ ಎಣ್ಣೆ ಕುಡಿದದ್ದು.

"ಸರ," ಎಂದ, ದನಿ ಬೇರೆಯೇ ಆಗಿತ್ತು, "ಎಷ್ಟ ಹೊತ್ತ ಕೊಡ್ತೀರಿ?"

ವ್ಯಾಲೆಂಟೈನ್ ಗಡಿಯಾರ ನೋಡಿದ. "ಹತ್ತು ಗಂಟೆಯವರೆಗೆ. ಅದಕ್ಕಿಂತ ಒಂದು ನಿಮಿಷ ಆದ್ರೂ ನಾವು ಕೆಳಗೆ."

ಶೇಖಪ್ಪ ಬೆಲ್ಟು ಸರಕ್ಕನೆ ಎಳೆದ. ಮದುವೆ ಪ್ಯಾಂಟು ಕೆಳಗಿಳಿಯಿತು. ಹೊರಡಲಿದ್ದ ವೆಲಿಟಾ ಕಿಸಕ್ಕನೆ ನಕ್ಕು, ತನ್ನ ಚೀಲದಿಂದ ಸುತ್ತುವ ಬ್ಯಾಂಡೇಜಿನ ಸುರುಳಿಯೊಂದನ್ನು ಎಸೆದು, "ಕಟ್ಕೊಳ್ಳಿ ಶೇಖಪ್ಪಣ್ಣ, ಮೇಲೆ ಕಾಯ್ತೇವೆ!" ಎಂದು ಉಳಿದವರ ಹಿಂದೆ ಓಡಿದಳು. ಶೇಖಪ್ಪ ಬ್ಯಾಂಡೇಜನ್ನು ಲಾಡಿಯ ಹಾಗೆ ಕಟ್ಟಿಕೊಂಡು ಕೂತ. ರಂಪಿಯಿಂದ ಬೆಲ್ಟನ್ನು ಉದ್ದಕ್ಕೆ ಸೀಳಿದ, ಮತ್ತೆ ಸೀಳಿದ, ಹುರಿಗಡಲೆಯಷ್ಟೂ ಅಗಲವಿಲ್ಲದ ಆರು ಬಾರುಗಳಾದವು. ಬಾರುಗಳನ್ನು ಬಾಯಲ್ಲಿ ಹಾಕಿ ನೆನೆಸಿದ. ಅವನ ಅಪ್ಪ ಹಾಗೇ ಮಾಡುತ್ತಿದ್ದ. ಒದ್ದೆ ಬಾರಿನಲ್ಲಿ ಹೊಲಿದರೆ ಒಣಗಿದ ಹಾಗೆ ಅದು ಇನ್ನಷ್ಟು ಬಿಗಿಯುತ್ತದೆ.

"ಹಿಡೀರಿ ಸರ," ಎಂದ, ಬಾಯಲ್ಲಿ ಬಾರು ಇಟ್ಟುಕೊಂಡೇ. ಲ್ಯಾಬಿನ ದೊಡ್ಡ ಮನುಷ್ಯ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಬೂಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ರಬ್ಬರು ಗಟ್ಟಿ, ಆರಿ ಹೋಗಲೊಲ್ಲದು. ಶೇಖಪ್ಪ ಕಲ್ಲೆತ್ತಿ ಆರಿಯ ಹಿಡಿಕೆಗೆ ಕುಟ್ಟಿದ. ಒಂದು ತೂತು. ಬಾರು ಎಳೆ, ಗಂಟು ಹಾಕು. ಇನ್ನೊಂದು ತೂತು.

"ಒಂಬತ್ತು ಮುಕ್ಕಾಲು," ಎಂದ ವ್ಯಾಲೆಂಟೈನ್.

"ಗಡಿಯಾರ ನೋಡಬ್ಯಾಡ್ರಿ, ಬೂಟ ನೋಡ್ರಿ! ಹಿಮ್ಮಡಿ ಅಲುಗಾಕತ್ತೈತಿ!"

ವ್ಯಾಲೆಂಟೈನ್ ತುಟಿ ಕಚ್ಚಿ ಇನ್ನೂ ಗಟ್ಟಿಯಾಗಿ ಒತ್ತಿದ. ಆರು ವರ್ಷದಲ್ಲಿ ಶೇಖಪ್ಪ ಅವನಿಗೆ ದನಿಯೇರಿಸಿದ್ದು ಅದೇ ಮೊದಲು, ಅದು ಇಬ್ಬರಿಗೂ ಗೊತ್ತಾಗಲಿಲ್ಲ. ಎಡ ಬೂಟು ಮುಗಿಯಿತು. ಬಲದ್ದು ಶುರುವಾಯಿತು. ತುದಿಗೆ ಎರಡು, ಪಕ್ಕಕ್ಕೆ ಎರಡೆರಡು, ಹಿಮ್ಮಡಿಗೆ ಒಂದು. ಬೆರಳ ಸಂದಿಯಿಂದ ರಕ್ತ ಬಂತು, ನೆಕ್ಕಿಕೊಂಡ. ಕೊನೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದು ಬೂಟನ್ನು ಬಂಡೆಗೆ ಒಗೆದ. ಅಡಿ ಅಲುಗಲಿಲ್ಲ. ಮತ್ತೊಮ್ಮೆ ಒಗೆದ.

ಗಡಿಯಾರದಲ್ಲಿ ಹತ್ತು ದಾಟಿ ನಾಲ್ಕು ನಿಮಿಷ. ಶೇಖಪ್ಪ ಅದನ್ನು ನೋಡಿದ, ಆಮೇಲೆ ವ್ಯಾಲೆಂಟೈನನ ಮುಖ ನೋಡಿದ. ಕೇಳುವ ಧೈರ್ಯವಾಗಲಿಲ್ಲ.

ವ್ಯಾಲೆಂಟೈನ್ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದ. "ಈ ಗಡಿಯಾರ ಸ್ವಲ್ಪ ಮುಂದೆ ಉಂಟು," ಎಂದ. "ಬನ್ನಿ ಶೇಖಪ್ಪಣ್ಣ, ಬೇಗ!"

ಹತ್ತಿದರೋ ಹಾರಿದರೋ. ವ್ಯಾಲೆಂಟೈನ್ ಮುಂದೆ, ಇವನು ಹಿಂದೆ, ಬೆಟ್ಟದ ಬೆನ್ನುಮೂಳೆಯಂಥ ಏಣನ್ನು ತಬ್ಬಿ ತಬ್ಬಿ ಏರಿದರು. ಮೂರು ಗಟ್ಟಿ, ಒಂದು ಹುಡುಕಾಟ. ಬಾರಿನ ಗಂಟುಗಳು ಬಂಡೆಯ ಬಿರುಕುಗಳಿಗೆ ಸಿಕ್ಕಿ ಜಾರದಂತೆ ಹಿಡಿದವು, ಕಂಪನಿಯ ರಬ್ಬರಿಗಿಂತ ಚೆನ್ನಾಗಿ! ಕೊನೆಗೆ ಎರಡು ಬಂಡೆಯ ಸಂದು, ಬೆನ್ನು ಒಂದಕ್ಕೆ, ಕಾಲು ಇನ್ನೊಂದಕ್ಕೆ. ಶೇಖಪ್ಪನಿಗೆ ತನ್ನ ಅಂಗಡಿಯ ಎರಡು ಗೋಡೆ ನೆನಪಾಗಿ ಆ ಏದುಸಿರಿನಲ್ಲೂ ನಗು ಬಂತು. ಮೇಲಿನಿಂದ ಕೂಗು ಕೇಳಿಸಿತು, ಕೈಗಳು ಚಾಚಿದವು. ಅವನು ಯಾವ ಕೈಯನ್ನೂ ಹಿಡಿಯಲಿಲ್ಲ. ಕೊನೆಯ ಬಂಡೆಗೆ ತಾನೇ ಮಂಡಿಯೂರಿ, ತಾನೇ ಎದ್ದು ನಿಂತ.

ಅದರ ಮೇಲೆ ಇನ್ನೇನೂ ಇರಲಿಲ್ಲ. ನಾಲ್ಕೂ ದಿಕ್ಕಿಗೆ ಬೆಟ್ಟಗಳು, ಒಂದರ ಹಿಂದೆ ಒಂದು, ಹಿಂದಿನದು ಮುಂದಿನದಕ್ಕಿಂತ ತಿಳಿಬಣ್ಣ. ಕೆಳಗೆ ಅಣೆಕಟ್ಟಿನ ನೀಲಿ ನೀರು ಅಂಗೈಯಷ್ಟು, ಖರ್ಜೂರದ ತೋಟ ಬೆರಳಷ್ಟು. ದುಬೈ ಇರಬೇಕಾದ ಕಡೆ ಬರೀ ಮಬ್ಬು. ಶೇಖಪ್ಪ ಬಾಯಿ ತೆರೆದಾಗ "ಹೋಯ್!" ಎಂಬ ದೊಡ್ಡ ಕೂಗು ಹೊರಟಿತು. ಎದುರಿನ ಬೆಟ್ಟ ಅದನ್ನು ವಾಪಸ್ಸು ಕೊಟ್ಟಿತು. ಅವನು ಅಳುತ್ತಿದ್ದ, ನಗುತ್ತಲೂ ಇದ್ದ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದ.

ತಾರಾಬಾಯಿಗೆ ಫೋನು ಮಾಡಲು ಹೋದರೆ ಗಡಿಯಾಚೆಯ ಟವರು ಹಿಡಿದು ಓಮಾನಿಗೆ ಸುಸ್ವಾಗತ ಎಂಬ ಮೆಸೇಜು ಬಂತು, ಲೈನು ಸಿಗಲಿಲ್ಲ. ವೆಲಿಟಾ ಲಬನ್ ಕೊಟ್ಟಳು. ತಾನು ಆರಿಸಿದ ಚೆಂದದ ಹಸಿರು ಕಲ್ಲೊಂದನ್ನೂ ಚಾಚಿದಳು. "ನಿಮ್ಮ ಬಾಟಲಿಗೆ."

"ಬ್ಯಾಡ ತಂಗಿ. ಬೂಟಿಗೆ ತಾನಾಗಿ ಹತ್ತಿ ಬಂದದ್ದಷ್ಟ ಬಾಟಲಿಗೆ," ಎಂದು ಶೇಖಪ್ಪ ಲಬನನ್ನು ಒಂದೇ ಗುಟುಕಿಗೆ ಮುಗಿಸಿ ಮೀಸೆ ಒರೆಸಿಕೊಂಡ.

ಸಂಜೆ ನಾಲ್ಕೂಕಾಲಿಗೆ ಸತ್ವಾದ ಅಂಗಡಿಯ ಬಾಗಿಲು ತೆರೆಯಿತು. ಹದಿನೈದು ನಿಮಿಷ ತಡ, ಆರು ವರ್ಷದಲ್ಲಿ ಮೊದಲ ಸಲ. ತಾರಾಬಾಯಿ ಫ್ಲಾಸ್ಕು ಹಿಡಿದು ಬಂದಾಗ ಗಂಡ ಮೊಣಕೈ ತರಚಿಕೊಂಡು, ಸೊಂಟಕ್ಕೆ ಬ್ಯಾಂಡೇಜು ಕಟ್ಟಿಕೊಂಡು, ಬರಿಗಾಲಲ್ಲಿ ಕೂತಿದ್ದ.

"ಅಯ್ಯ, ಏನಾತ್ರಿ ಸ್ವಾಂಟಕ್ಕ? ಬಿದ್ರ್ಯಾ?"

"ಬೆಲ್ಟ ಹೋತು."

"ಎಲ್ಲಿ ಹೋತು?"

ಶೇಖಪ್ಪ ಬೂಟುಗಳನ್ನು ಎತ್ತಿ ತೋರಿಸಿದ. ತಾರಾಬಾಯಿ ಬಾರಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಣಗಿ ಕಬ್ಬಿಣದ ಹಾಗೆ ಬಿಗಿದಿತ್ತು. ಅತ್ತೆಮನೆಯ ಹೊಲಿಗೆ ಅವಳಿಗೆ ಗುರುತು ಸಿಗದೆ ಇದ್ದೀತೇ? "ಕಂಪನಿ ಮಾಲ," ಎಂದು ಗಂಡನ ದನಿಯಲ್ಲೇ ಹೇಳಿ, ಮುಖ ಆ ಕಡೆ ತಿರುಗಿಸಿ ನಕ್ಕಳು.

ಶೇಖಪ್ಪ ಥಾಮಸನ ಚೀಟಿಯನ್ನು ಕಿತ್ತು, ಬೂಟನ್ನು ಮಡಿಲಲ್ಲಿ ಅಂಗಾತ ಮಾಡಿದ. ಇಷ್ಟು ವರ್ಷ ಎಷ್ಟೋ ಜನರ ಬೂಟನ್ನು ಹಾಗೆ ಮಾಡಿದ್ದ. ಅಡಿಯ ತುಂಬ ಗೀರು. ತುದಿ ಅಡ್ಡಡ್ಡ ಸವೆದಿತ್ತು. ಗೀರಿನ ಸಂದಿಯಲ್ಲಿ ಒಂದು ಸಣ್ಣ ಹಸಿರು ಕಲ್ಲು ಸಿಕ್ಕಿಕೊಂಡಿತ್ತು. ರಂಪಿಯ ತುದಿಯಿಂದ ಮೀಟಿದ. ಅಂಗೈಗೆ ಬಿತ್ತು.

"ನೋಡ ಬಾ ಇಲ್ಲೆ. ಇದು ನಂದು."

"ಹಂಗಾರ ಬ್ಯಾರೆ ಇಡ್ರಿ. ಅವರ ಕಲ್ಲಿನೊಳಗ ಕೂಡಸಬ್ಯಾಡ್ರಿ."

ಶೇಖಪ್ಪ ಬಾಟಲಿಯ ಮುಚ್ಚಳ ತಿರುಗಿಸಿ ಕಲ್ಲನ್ನು ಒಳಗೆ ಬಿಟ್ಟ, ಮುಚ್ಚಿದ, ಕಿವಿಯ ಹತ್ತಿರ ಹಿಡಿದು ಗಲಗಲ ಅಲುಗಿಸಿದ. ಬೆಳಕಿಗೆ ಹಿಡಿದು ನೋಡಿದಾಗ ಹಸಿರು ಕಲ್ಲುಗಳು ಹತ್ತಾರು ಕಂಡವು. ಅವುಗಳಲ್ಲಿ ತನ್ನದು ಯಾವುದೆಂದು ಅವನಿಗೂ ತಿಳಿಯಲಿಲ್ಲ. ಅದೇ ಅವನಿಗೆ ಬೇಕಾಗಿತ್ತು. ಬಾಟಲಿಯನ್ನು ಅಬುಧಾಬಿಗೆ ಹೋಗುವ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ, ಒಡೆಯದ ಹಾಗೆ ಇಟ್ಟ.